ಅಂತರಗಂಗೆಯ ಕೋತಿ ಯಾರ ದಾಯಾದಿ?

ವಿದ್ಯಾರ್ಥಿನಿ: ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳ ಮೇಲೆ ಹಗಲೆಲ್ಲ ಓಡಾಡುವ ಕೋತಿ, ಒಣಸೀಮೆಯ ಕುರುಚಲು ಕಾಡಿನಲ್ಲಿ ಕತ್ತಲಾದ ಮೇಲೆ ಮಾತ್ರ ಹೊರಬರುವ ಕಾಡುಪಾಪ, ಇವೆರಡಕ್ಕೂ ಹೆಸರಿಟ್ಟ ಮನುಷ್ಯ, ಈ ಮೂವರನ್ನೂ ಪ್ರಾಣಿಶಾಸ್ತ್ರ ಪ್ರೈಮೇಟ್ ಎಂಬ ಒಂದೇ ಗಣದಲ್ಲಿ ಇರಿಸುತ್ತದೆ. ಗಾತ್ರ, ಆಹಾರ, ನಡವಳಿಕೆ ಯಾವುದರಲ್ಲೂ ಹೊಂದಿಕೆಯಾಗದ ಇವುಗಳನ್ನು ಒಂದುಗೂಡಿಸುವ ಲಕ್ಷಣ ಯಾವುದು ಸರ್?

ಅಧ್ಯಾಪಕರು: ಇದೊಂದೇ ಲಕ್ಷಣ ಎಂದು ಬೆರಳು ಮಾಡಿ ತೋರಿಸುವುದು ಸಾಧ್ಯವಿಲ್ಲವಮ್ಮ, ಈ ಗಣವನ್ನು ಗುರುತಿಸುವುದು ಹಲವು ಲಕ್ಷಣಗಳ ಕೂಟದಿಂದ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಸೇಂಟ್ ಜಾರ್ಜ್ ಮೈವರ್ಟ್ 1873ರಲ್ಲಿ ಕೊಟ್ಟ ಪಟ್ಟಿಯಲ್ಲಿ ಉಗುರು, ಭುಜವನ್ನು ಎದೆಗೂಡಿಗೆ ಜೋಡಿಸುವ ಕಾಲರ್ ಮೂಳೆ, ಕಣ್ಣುಗುಳಿಯನ್ನು ಸುತ್ತುವರಿದ ಮೂಳೆಯ ಬಳೆ, ಹಿಡಿಯಲು ಬರುವ ಹೆಬ್ಬೆರಳು ಮೊದಲಾದವು ಇದ್ದವು. ಅಂತರಗಂಗೆಯ ಮೆಟ್ಟಿಲಿನ ಮೇಲೆ ಕಡಲೆಕಾಯಿ ಸುಲಿಯುವ ಕೋತಿಯ ಕೈಯನ್ನು ಹತ್ತಿರದಿಂದ ಗಮನಿಸಿದರೆ ಈ ಪಟ್ಟಿಯ ಕೆಲವು ಅಂಶಗಳು ಅಲ್ಲಿಯೇ ಸಿಗುತ್ತವೆ. ನಾಯಿ ಆಹಾರದ ಬಳಿಗೆ ಮೂತಿಯನ್ನು ಒಯ್ಯುತ್ತದೆ, ಕೋತಿ ಆಹಾರವನ್ನು ಕೈಯಲ್ಲಿ ಎತ್ತಿ ಮುಖದ ಬಳಿಗೆ ತರುತ್ತದೆ. ಬೆರಳ ತುದಿಯಲ್ಲಿರುವುದು ಚೂಪಾದ ಪಂಜವಲ್ಲ, ಚಪ್ಪಟೆ ಉಗುರು. ಅಂಗೈಯ ಚರ್ಮದ ಮೇಲೆ ಜಾರದಂತೆ ಹಿಡಿಯಲು ನೆರವಾಗುವ ಸಣ್ಣ ಗೆರೆಗಳು. ಎರಡೂ ಕಣ್ಣುಗಳು ಮುಂದಕ್ಕೆ ತಿರುಗಿ ಒಂದೇ ಕಾಯಿಯನ್ನು ನೋಡುವುದರಿಂದ ಅದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಕರಾರುವಾಕ್ಕಾಗಿ ದೊರೆಯುತ್ತದೆ. ಕೊಂಬೆಯಿಂದ ಕೊಂಬೆಗೆ ಹೋಗುವ ಜೀವಕ್ಕೆ ಕೈ ಮತ್ತು ಕಣ್ಣುಗಳ ಈ ಹೊಂದಾಣಿಕೆಯೇ ಜೀವಾಳ.

ವಿದ್ಯಾರ್ಥಿನಿ: ಆದರೆ ಮನುಷ್ಯನ ಕಾಲಿನ ಹೆಬ್ಬೆರಳು ಏನನ್ನೂ ಹಿಡಿಯಲಾರದು. ಪಟ್ಟಿಯನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಪಟ್ಟಿ ಬರೆದ ಮನುಷ್ಯನೇ ಹೊರಗುಳಿಯಬೇಕಾಗುತ್ತದೆ.

ಅಧ್ಯಾಪಕರು: ವರ್ಗೀಕರಣವನ್ನು ಲಕ್ಷಣಗಳ ಪಟ್ಟಿಯಾಗಿ ನೋಡುವುದಕ್ಕೂ ವಂಶಾವಳಿಯಾಗಿ ನೋಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಎದುರಾಗುತ್ತದೆ. ಒಂದು ಲಕ್ಷಣವನ್ನು ಕಳೆದುಕೊಂಡ ಮಾತ್ರಕ್ಕೆ ಯಾರೂ ತಮ್ಮ ವಂಶದಿಂದ ಹೊರಗೆ ಬೀಳುವುದಿಲ್ಲ. ಬರೀ ಪಟ್ಟಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಈ ಗಣದ ಮೊದಲ ಅಧ್ಯಾಯವೇ ಸಾಕ್ಷಿ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರೈಮೇಟ್ ಗಣವನ್ನು ಹೆಸರಿಸಿದಾಗ ಅದರಲ್ಲಿ 4 ಗುಂಪುಗಳಿದ್ದವು: ಮನುಷ್ಯ, ಕೋತಿಗಳು, ಲೀಮರ್‌ಗಳು ಮತ್ತು ಬಾವಲಿಗಳು. ಮೇಲ್ದವಡೆಯ 4 ಬಾಚಿಹಲ್ಲುಗಳು ಮತ್ತು ಎದೆಯ ಮೇಲಿನ 2 ಮೊಲೆಗಳು ಆ ಗಣದ ಗುರುತು ಎಂದು ಇಟ್ಟುಕೊಂಡಿದ್ದರಿಂದ, ಎದೆಯಲ್ಲಿ ಮೊಲೆಗಳಿರುವ ಬಾವಲಿಯೂ ಒಳಗೆ ಬಂದಿತು.

ವಿದ್ಯಾರ್ಥಿನಿ: ಹಾಗಿದ್ದರೆ ಲಿನೇಯಸ್‌ನ ಲೆಕ್ಕದಲ್ಲಿ ಕೋಲಾರದ ಎಲೆಮೂಗಿನ ಬಾವಲಿಯೂ ಪ್ರೈಮೇಟ್ ಆಗುತ್ತಿತ್ತೇ?

ಅಧ್ಯಾಪಕರು: ಆಗುತ್ತಿತ್ತು. ಕೋಲಾರದ ಹೆಸರನ್ನು ಹೊತ್ತ ಆ ಪುಟ್ಟ ಬಾವಲಿಯನ್ನು ವಿಜ್ಞಾನ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ್ದು ತೀರಾ ಈಚೆಗೆ, 1994ರಲ್ಲಿ. ಹನುಮನಹಳ್ಳಿಯ ಬಂಡೆಗುಹೆ ಇಂದು ಅದರ ಆಸರೆಯೆಂದು ತಿಳಿದಿರುವ ನೆಲೆ, ಜಗತ್ತಿನಲ್ಲಿ ಬೇರೆಲ್ಲಿಯೂ ಅದು ಕಂಡಿಲ್ಲ, ಮತ್ತು ಕಲ್ಲು ಗಣಿಗಾರಿಕೆಯಿಂದ ಅದು ಅಳಿವಿನ ಅಂಚಿಗೆ ಬಂದಿದೆ. ಬಾವಲಿಯನ್ನು ಪ್ರೈಮೇಟ್ ಗಣದಿಂದ ಹೊರಗಿಡುವ ಕೆಲಸ ಲಿನೇಯಸ್‌ನ ನಂತರ ಬೇಗನೆ ನಡೆದರೂ, ಅದು ಹತ್ತಿರದ ನೆಂಟನಿರಬೇಕೆಂಬ ಊಹೆ ಎರಡು ಶತಮಾನಗಳ ಕಾಲ ಸಾಯಲಿಲ್ಲ. 1986ರಲ್ಲಿ ಆಸ್ಟ್ರೇಲಿಯಾದ ಜಾನ್ ಪೆಟ್ಟಿಗ್ರೂ, ಹಣ್ಣುತಿನ್ನುವ ದೊಡ್ಡ ಬಾವಲಿಗಳಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳ ಜೋಡಣೆ ಪ್ರೈಮೇಟ್‌ಗಳ ಜೋಡಣೆಯಂತೆಯೇ ಇರುವುದನ್ನು ತೋರಿಸಿ, ಅವು ಹಾರುವ ಪ್ರೈಮೇಟ್‌ಗಳೇ ಎಂದು ವಾದಿಸಿದರು. ಡಿಎನ್ಎ ಹೋಲಿಕೆಗಳು ಬಂದ ಮೇಲೆ ಆ ವಾದ ನಿಲ್ಲಲಿಲ್ಲ: ಬಾವಲಿಯ ನೆಂಟಸ್ತಿಕೆ ಇರುವುದು ಕುದುರೆ, ದನ, ಬೆಕ್ಕುಗಳಿರುವ ದೊಡ್ಡ ಶಾಖೆಯ ಜೊತೆಗೆ, ಪ್ರೈಮೇಟ್‌ಗಳ ಹತ್ತಿರದ ಬಂಧುಗಳು ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಚರ್ಮದ ಹೊದಿಕೆ ಹರಡಿ ತೇಲುವ ಕೊಲ್ಯೂಗೊ, ಅದರಾಚೆ ಮರಮೂಗಿಲಿ, ಇನ್ನೂ ಆಚೆ ಇಲಿ ಮತ್ತು ಮೊಲ. ಅಂದರೆ ಮುಳಬಾಗಿಲಿನ ಹೊಲದ ಇಲಿ ಹನುಮನಹಳ್ಳಿಯ ಬಾವಲಿಗಿಂತ ಮನುಷ್ಯನಿಗೆ ಹತ್ತಿರ. ನಾಮಕ್ಕಲ್, ಸೇಲಂ ಕಡೆಯ ಪೂರ್ವಘಟ್ಟದ ಬೆಟ್ಟಗಳಲ್ಲಿರುವ ಅಳಿಲಿನಂಥ ಮರಮೂಗಿಲಿಯನ್ನು ಕೂಡ ಅಮೆರಿಕದ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ತಮ್ಮ 1945ರ ವರ್ಗೀಕರಣದಲ್ಲಿ ಪ್ರೈಮೇಟ್ ಎಂದೇ ಸೇರಿಸಿದ್ದರು. ನಂತರ ಅದನ್ನೂ ಪ್ರತ್ಯೇಕ ಗಣವಾಗಿ ಹೊರಗಿಡಲಾಯಿತು.

ವಿದ್ಯಾರ್ಥಿನಿ: ಹೊರಗೆ ಹೋದವರ ಮಾತು ಹಾಗಿರಲಿ, ಒಳಗಿರುವವರಲ್ಲಿ ಯಾರಿಗೆ ಯಾರು ಹತ್ತಿರ? ಕಾಡುಪಾಪಕ್ಕೆ ಬಾಲವೆಂಬುದು ಕಾಣುವುದೇ ಇಲ್ಲ, ಮುಖ ದುಂಡಗೆ, ಕಣ್ಣುಗಳೆರಡೂ ಮುಂದಕ್ಕೆ, ಹೆಸರಿನಲ್ಲೇ ಮಗುವಿದೆ. ಕೋತಿಗಾದರೋ ಮೈಯಷ್ಟೇ ಉದ್ದದ ಬಾಲ. ಬಾಲವಿಲ್ಲದ ಮನುಷ್ಯನಿಗೆ ಬಾಲವಿಲ್ಲದ ಕಾಡುಪಾಪ ಹತ್ತಿರವೆಂದು ಭಾವಿಸುವುದು ಸಹಜವಲ್ಲವೇ?

ಅಧ್ಯಾಪಕರು: ಸಹಜ, ಆದರೆ ತಪ್ಪು, ಪ್ರೈಮೇಟ್‌ಗಳ ನೆಂಟಸ್ತಿಕೆಯ ಇಡೀ ತರ್ಕ ಈ ಒಂದು ತಪ್ಪನ್ನು ಬಿಡಿಸಿಕೊಳ್ಳುವುದರಲ್ಲಿದೆ. ಹಳ್ಳಿಯಲ್ಲಿ ದಾಯಾದಿಗಳ ಸಂಬಂಧ ಹೇಳುವವರು ಯಾರ ಮೂಗು ಯಾರ ಮೂಗಿನಂತಿದೆ ಎಂದು ನೋಡುವುದಿಲ್ಲ, ಯಾವ ತಲೆಮಾರಿನಲ್ಲಿ ಯಾರು ಪಾಲಾಗಿ ಹೋದರು ಎಂದು ಕೇಳುತ್ತಾರೆ. ಮೂರು ತಲೆಮಾರಿನ ಹಿಂದೆ ಪಾಲಾದವರ ಮಗ ನೋಡಲು ಎಷ್ಟೇ ಹೋಲಿದರೂ, ನಿನ್ನೆ ಪಾಲಾದ ಅಣ್ಣನ ಮಗನಿಗಿಂತ ದೂರದವನೇ. ಪ್ರೈಮೇಟ್‌ಗಳ ಮನೆಯಲ್ಲಿ ಮೊದಲ ದೊಡ್ಡ ಪಾಲು ಆದದ್ದು ಸುಮಾರು 6.5ರಿಂದ 7.5 ಕೋಟಿ ವರ್ಷಗಳ ಹಿಂದೆ. ಒಂದು ಕವಲಿನಲ್ಲಿ ಕಾಡುಪಾಪ, ಅಸ್ಸಾಮಿನಿಂದ ಆಗ್ನೇಯ ಏಷ್ಯಾದವರೆಗೆ ಇರುವ ನಿಧಾನಗತಿಯ ಲೋರಿಸ್, ಆಫ್ರಿಕಾದ ಗಲಾಗೊ, ಮಡಗಾಸ್ಕರ್‌ನ ಲೀಮರ್‌ಗಳು ಉಳಿದವು. ಇದನ್ನು ಸ್ಟ್ರೆಪ್ಸಿರೈನ್ ಕವಲು ಎನ್ನುತ್ತಾರೆ. ಇನ್ನೊಂದು ಕವಲು ಹ್ಯಾಪ್ಲೊರೈನ್. ಅದರಲ್ಲಿ ಟಾರ್ಸಿಯರ್, ಎಲ್ಲ ಕೋತಿಗಳು, ವಾನರರು ಮತ್ತು ಮನುಷ್ಯ ಸೇರುತ್ತಾರೆ. ಕೋತಿ ಮತ್ತು ಮನುಷ್ಯ ಪಾಲಾದದ್ದು ಇದಾಗಿ ಬಹಳ ಕಾಲದ ಮೇಲೆ, ಸುಮಾರು 2.5ರಿಂದ 3 ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಅಂತರಗಂಗೆಯ ಕೋತಿ ಕಾಡುಪಾಪಕ್ಕಿಂತ, ಅದಕ್ಕೆ ಕಡಲೆಕಾಯಿ ಕೊಡುವ ಮನುಷ್ಯನಿಗೇ ಹತ್ತಿರದ ದಾಯಾದಿ.

ವಿದ್ಯಾರ್ಥಿನಿ: ಪಾಲಿಗೆ ಪತ್ರವಿರುತ್ತದೆ. ಆರೇಳು ಕೋಟಿ ವರ್ಷದ ಹಿಂದಿನ ಪಾಲಿಗೆ ದಾಖಲೆ ಎಲ್ಲಿದೆ?

ಅಧ್ಯಾಪಕರು: ದಾಖಲೆ ಅವುಗಳ ಮೈಯಲ್ಲೇ ಇದೆ. ಕಾಡುಪಾಪದ ಮೂಗಿನ ತುದಿಯನ್ನು ಹತ್ತಿರದಿಂದ ನೋಡಿದರೆ ಅದು ನಾಯಿಯ ಮೂಗಿನಂತೆ ರೋಮವಿಲ್ಲದೆ ಒದ್ದೆಯಾಗಿರುತ್ತದೆ. ಕೋತಿಯ ಮೂಗು ಒಣಗಿದ್ದು, ಮೇಲ್ತುಟಿ ಮನುಷ್ಯನ ತುಟಿಯಂತೆ ಬಿಡಿಯಾಗಿ ಅಲುಗಾಡುತ್ತದೆ. ಕಾಡುಪಾಪದ ಕೆಳದವಡೆಯ ಮುಂದಿನ ಹಲ್ಲುಗಳು ಮುಂದಕ್ಕೆ ಬಾಗಿ ಬಾಚಣಿಗೆಯಾಗಿವೆ, ಕಾಲಿನ ಎರಡನೆಯ ಬೆರಳಿನಲ್ಲಿ ಉಗುರಿನ ಬದಲು ಮೈಕೆರೆದುಕೊಳ್ಳುವ ಪಂಜವಿದೆ, ಬಾಯಲ್ಲಿ ಒಟ್ಟು 36 ಹಲ್ಲುಗಳಿವೆ. ಕೋತಿಗೂ ಮನುಷ್ಯನಿಗೂ 32. ಟಾರ್ಚ್ ಬೆಳಕಿಗೆ ಕಾಡುಪಾಪದ ಕಣ್ಣು ಕೆಂಡದಂತೆ ಹೊಳೆಯುವುದು ಅಕ್ಷಿಪಟಲದ ಹಿಂದಿರುವ ಕನ್ನಡಿಯಂಥ ಪದರದಿಂದ. ಹ್ಯಾಪ್ಲೊರೈನ್ ಕವಲಿನಲ್ಲಿ ಆ ಪದರವೇ ಇಲ್ಲ, ರಾತ್ರಿ ಬೇಟೆಯಾಡುವ ಟಾರ್ಸಿಯರ್‌ಗೂ ಇಲ್ಲ. ಇವೆಲ್ಲಕ್ಕಿಂತ ಬಲವಾದ ಸಾಕ್ಷ್ಯ ಕಣ್ಣಿಗೆ ಕಾಣದ್ದು. ಕಾಡುಪಾಪದ ಕವಲಿನವರು ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳಬಲ್ಲರು. ಕೋತಿ, ಮುಸುವ, ಮನುಷ್ಯ ಮತ್ತು ಟಾರ್ಸಿಯರ್‌ಗಳಲ್ಲಿ ಅದಕ್ಕೆ ಬೇಕಾದ ಜೀನ್ ಕೆಟ್ಟು ನಿಂತಿದೆ, ಆದ್ದರಿಂದ ಅದು ನೆಲ್ಲಿಕಾಯಿಯಿಂದಲೋ ಮಾವಿನಕಾಯಿಯಿಂದಲೋ ಎಲೆಚಿಗುರಿನಿಂದಲೋ ಹೊಟ್ಟೆಗೆ ಸೇರಲೇಬೇಕು. ಕೆಟ್ಟುಹೋದ ಒಂದೇ ಜೀನಿನ ಅವಶೇಷ ಇಡೀ ಕವಲಿನಲ್ಲಿ ಉಳಿದುಬಂದಿರುವುದಕ್ಕೆ, ಎಲ್ಲರೂ ಅದನ್ನು ಒಬ್ಬ ಪೂರ್ವಜನಿಂದ ಪಡೆದರು ಎನ್ನುವುದಕ್ಕಿಂತ ಸರಳವಾದ ವಿವರಣೆ ಇಲ್ಲ.

ವಿದ್ಯಾರ್ಥಿನಿ: ಟಾರ್ಸಿಯರ್ ಹೆಸರು ಮತ್ತೆ ಮತ್ತೆ ಬರುತ್ತಿದೆ. ನೋಡಲು ಅದು ಕಾಡುಪಾಪದ ತಮ್ಮನಂತಿದೆಯಲ್ಲ?

ಅಧ್ಯಾಪಕರು: ಹಾಗೆಂದೇ ಹಿಂದಿನವರು ಫಿಲಿಪ್ಪೀನ್ಸ್, ಬೋರ್ನಿಯೊ ದ್ವೀಪಗಳ ಆ ಅಂಗೈ ಗಾತ್ರದ ನಿಶಾಚರಿಯನ್ನು ಕಾಡುಪಾಪ ಮತ್ತು ಲೀಮರ್‌ಗಳೊಂದಿಗೆ ಪ್ರೊಸಿಮಿಯನ್, ಅಂದರೆ ಕೋತಿಗೂ ಮೊದಲಿನ ಹಂತದವು, ಎಂಬ ಗುಂಪಿನಲ್ಲಿ ಇಟ್ಟಿದ್ದರು. 1918ರಲ್ಲಿ ರೆಜಿನಾಲ್ಡ್ ಪೊಕಾಕ್ ಅದರ ಒಣ ಮೂಗು ಮತ್ತು ಬಿಡಿ ತುಟಿಯನ್ನು ಆಧರಿಸಿ ಅದನ್ನು ಕೋತಿಗಳ ಕವಲಿಗೆ ತಂದರು. ದಶಕಗಳ ನಂತರ ಡಿಎನ್ಎ ಅವರ ಮಾತನ್ನೇ ಎತ್ತಿಹಿಡಿಯಿತು. ಹಳೆಯ ಗುಂಪಿನ ದೋಷವೆಂದರೆ ಅದು ಹಳೆಯ ಲಕ್ಷಣಗಳನ್ನು ನೆಂಟಸ್ತಿಕೆಯ ಗುರುತಾಗಿ ಹಿಡಿದದ್ದು. ರಾತ್ರಿ ಜೀವನ, ಸಣ್ಣ ಮಿದುಳು, ಸಣ್ಣ ದೇಹ ಇವು ಎಲ್ಲ ಪ್ರೈಮೇಟ್‌ಗಳ ಪೂರ್ವಜರಲ್ಲೇ ಇದ್ದಿರಬಹುದಾದವು. ಅವನ್ನು ಉಳಿಸಿಕೊಂಡ ಇಬ್ಬರು ಪರಸ್ಪರ ಹತ್ತಿರವೆಂದು ಅದರಿಂದ ಸಿದ್ಧವಾಗುವುದಿಲ್ಲ. ಹೊಸದಾಗಿ ಮೂಡಿ ಒಂದು ಕವಲಿನಲ್ಲಿ ಮಾತ್ರ ಹಂಚಿಕೆಯಾದ ಲಕ್ಷಣವಷ್ಟೇ ಸಾಕ್ಷಿ ನುಡಿಯಬಲ್ಲದು ಎಂಬ ಈ ನಿಯಮವನ್ನು 1950ರಲ್ಲಿ ಜರ್ಮನಿಯ ವಿಲ್ಲಿ ಹೆನ್ನಿಗ್ ಶಾಸ್ತ್ರೀಯವಾಗಿ ರೂಪಿಸಿದರು. ಪ್ರಾಣಿಶಾಸ್ತ್ರ ಓದುವವರು ಸಾವಿರ ಹೆಸರುಗಳನ್ನು ಮರೆತರೂ ಚಿಂತೆಯಿಲ್ಲ, ಈ ನಿಯಮವೊಂದನ್ನು ಬಿಡಬಾರದು.

ವಿದ್ಯಾರ್ಥಿನಿ: ಆದರೆ ಬಾಲವಿಲ್ಲದಿರುವುದು ಹೊಸ ಲಕ್ಷಣವೇ ಅಲ್ಲವೇ? ಅದು ಕಾಡುಪಾಪದಲ್ಲೂ ಮನುಷ್ಯನಲ್ಲೂ ಇದೆ.

ಅಧ್ಯಾಪಕರು: ಹೊಸದೇ, ಆದರೆ ಎರಡು ಕಡೆ ಬೇರೆ ಬೇರೆಯಾಗಿ ಬಂದದ್ದು. ಕಾಡುಪಾಪದ ಅದೇ ಕವಲಿನ ಲೀಮರ್‌ಗಳಿಗೂ ಗಲಾಗೊಗಳಿಗೂ ಉದ್ದದ ಬಾಲವಿದೆ. ಮನುಷ್ಯನ ಕವಲಿನ ಕೋತಿಗಳಿಗೂ ಇದೆ. ಹೀಗಿರುವಾಗ ಎರಡೂ ಕವಲುಗಳ ಮೂಲಪುರುಷನಿಗೆ ಬಾಲವಿತ್ತೆಂದೂ, ಕೊಂಬೆಯ ಮೇಲೆ ನಿಧಾನವಾಗಿ ಒಂದೊಂದೇ ಹಿಡಿ ಬದಲಿಸುತ್ತ ಸಾಗುವ ಕಾಡುಪಾಪದ ಪೂರ್ವಜರು ಅದನ್ನು ಒಂದು ಸಲ, ವಾನರರ ಪೂರ್ವಜರು ಇನ್ನೊಂದು ಸಲ ಕಳೆದುಕೊಂಡರೆಂದೂ ತಿಳಿಯಬೇಕಾಗುತ್ತದೆ. ಇಲ್ಲಿ ವಾನರ ಎಂದರೆ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ ಮತ್ತು ಮನುಷ್ಯ ಸೇರಿದ ಬಾಲವಿಲ್ಲದ ಗುಂಪು. ಈ ಗುಂಪಿನ ಬಾಲ ಹೋದ ಬಗೆಯ ಬಗ್ಗೆ 2024ರಲ್ಲಿ ಮಹತ್ವದ ಸಂಶೋಧನೆಯೊಂದು ಪ್ರಕಟವಾಯಿತು: ಭ್ರೂಣದಲ್ಲಿ ಬೆನ್ನಿನ ಹಿಂತುದಿಯನ್ನು ರೂಪಿಸುವ ಟಿಬಿಎಕ್ಸ್‌ಟಿ ಎಂಬ ಜೀನಿನೊಳಗೆ, ಜೀನೋಮಿನಲ್ಲಿ ತನ್ನ ಪ್ರತಿಗಳನ್ನು ತಾನೇ ಸೇರಿಸುತ್ತ ಹೋಗುವ ಆಲು ಎಂಬ ಡಿಎನ್ಎ ತುಣುಕೊಂದು ಬಂದು ಕುಳಿತಿದೆ, ವಾನರರಲ್ಲಿ ಇರುವ ಈ ತುಣುಕು ಬಾಲವಿರುವ ಕೋತಿಗಳಲ್ಲಿ ಇಲ್ಲ, ಮತ್ತು ಇದರಿಂದ ಜೀನಿನಲ್ಲಿ ಉಂಟಾಗುವ ಬದಲಾವಣೆಯನ್ನೇ ಇಲಿಗಳಲ್ಲಿ ಉಂಟುಮಾಡಿದಾಗ ಮೊಂಡುಬಾಲದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವು.

ವಿದ್ಯಾರ್ಥಿನಿ: ಹಾಗಾದರೆ 'ಮಂಗನಿಂದ ಮಾನವ' ಎಂಬ ಮಾತು?

ಅಧ್ಯಾಪಕರು: ಇಂದಿನ ಮಂಗ ಇಂದಿನ ಮಾನವನ ಅಜ್ಜನಲ್ಲ, ಇಬ್ಬರಿಗೂ ಒಬ್ಬ ಮುತ್ತಾತನಿದ್ದ, ಅಷ್ಟೆ. ಅವರಿಬ್ಬರೂ ಸೇರುವ ಶಾಖೆಯ ಹೆಸರು ಕ್ಯಾಟರೈನ್: ಮೂಗಿನ ಹೊಳ್ಳೆಗಳು ಒಂದಕ್ಕೊಂದು ಹತ್ತಿರವಿದ್ದು ಕೆಳಮುಖವಾಗಿರುವವರು. ಹೊಳ್ಳೆಗಳು ಅಗಲವಾಗಿ ಪಕ್ಕಕ್ಕೆ ತೆರೆದಿರುವ ದಕ್ಷಿಣ ಅಮೆರಿಕದ ಕೋತಿಗಳು ಸುಮಾರು 4 ಕೋಟಿ ವರ್ಷಗಳ ಹಿಂದೆಯೇ ಬೇರೆಯಾದವು. ಕೋತಿ ಮತ್ತು ಮುಸುವಗಳಲ್ಲಿ ದವಡೆ ಹಲ್ಲಿನ ಮೇಲೆ ಅಡ್ಡಲಾಗಿ ಎರಡು ಏಣುಗಳಿರುತ್ತವೆ; ವಾನರರಲ್ಲಿ ಕೆಳದವಡೆಯ ಹಲ್ಲಿನ ಮೇಲೆ ಐದು ಗುಬುಟುಗಳು. ಕೋತಿ ಮತ್ತು ಮುಸುವ ಒಂದೇ ಕುಟುಂಬದ ಎರಡು ಉಪಕುಟುಂಬಗಳು, ಅವುಗಳ ಭೇದವಿರುವುದು ತಿನ್ನುವ ಏರ್ಪಾಟಿನಲ್ಲಿ. ಕೋತಿ ಸಿಕ್ಕಿದ್ದನ್ನೆಲ್ಲ ಗಬಗಬನೆ ಕೆನ್ನೆಯೊಳಗಿನ ಚೀಲಕ್ಕೆ ತುಂಬಿಕೊಂಡು ದೂರ ಹೋಗಿ ನಿಧಾನವಾಗಿ ಅಗಿಯುತ್ತದೆ. ಮುಸುವಕ್ಕೆ ಆ ಚೀಲವಿಲ್ಲ, ಬದಲಿಗೆ ಸೂಕ್ಷ್ಮಜೀವಿಗಳ ನೆರವಿನಿಂದ ಎಲೆಯನ್ನು ಹುಳಿಸಿ ಕರಗಿಸುವ, ಹಲವು ಕೋಣೆಗಳ ಹೊಟ್ಟೆಯಿದೆ. ಶ್ರೀನಿವಾಸಪುರದ ಮಾವಿನ ತೋಪಿಗೆ ನುಗ್ಗಿದ ಕೋತಿಯ ಕೆನ್ನೆ ಊದಿಕೊಂಡಿರುವುದು ಅದರ ಉಪಕುಟುಂಬದ ಗುರುತು.

ವಿದ್ಯಾರ್ಥಿನಿ: ಕೋತಿ ಎಂಬ ಹೆಸರಿನೊಳಗೂ ಭೇದಗಳಿರಬೇಕು.

ಅಧ್ಯಾಪಕರು: ಇವೆ, ಮತ್ತು ಸ್ಥಳದ ನೆರೆಹೊರೆಗೂ ರಕ್ತಸಂಬಂಧಕ್ಕೂ ನಂಟಿಲ್ಲವೆಂಬುದು ಅಲ್ಲಿ ಇನ್ನಷ್ಟು ಸ್ಪಷ್ಟ. ಕೋಲಾರದ ಕೋತಿ ಮಕಾಕ್ ಎಂಬ ಕುಲಕ್ಕೆ ಸೇರಿದ್ದು, ನೆತ್ತಿಯ ನಡುವಿನ ಸುಳಿಯಿಂದ ಸುತ್ತಲೂ ಟೋಪಿಯಂತೆ ಹರಡಿದ ಕೂದಲು ಅದರ ಗುರುತು. ಅದನ್ನು 1812ರಲ್ಲಿ ಫ್ರಾನ್ಸಿನ ಎಟಿಯೆನ್ ಜೆಫ್ರಾಯ್ ವೈಜ್ಞಾನಿಕವಾಗಿ ಹೆಸರಿಸಿದರು. ಅದರ ಹತ್ತಿರದ ಬಂಧುಗಳು ಶ್ರೀಲಂಕಾದ ಟೋಪಿಕೂದಲಿನ ಕೋತಿ, ಅಸ್ಸಾಂ ಮತ್ತು ಟಿಬೆಟ್‌ನ ಮಕಾಕ್‌ಗಳು, ಹಾಗೂ ಅನಿಂದ್ಯ ಸಿನ್ಹಾ, ಅಪರಾಜಿತಾ ದತ್ತಾ, ಎಂ.ಡಿ. ಮಧುಸೂದನ್, ಚಾರುದತ್ತ ಮಿಶ್ರಾ ಅವರು 2005ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದ ಅರುಣಾಚಲ ಕೋತಿ. ಆದರೆ ಇದೇ ರಾಜ್ಯದ ಶರಾವತಿ, ಅಘನಾಶಿನಿ ಕಣಿವೆಗಳ ಸಿಂಗಳೀಕ ಈ ಗುಂಪಿನದಲ್ಲ. ಅದರ ಒಳನೆಂಟರು ಸುಮಾತ್ರಾ, ಬೋರ್ನಿಯೊಗಳ ಹಂದಿಬಾಲದ ಮಕಾಕ್‌ಗಳು. ಮುಸುವಗಳ ವಿಷಯವೂ ಹೀಗೆಯೇ: ಭಾರತದ ಬೂದು ಮುಸುವಗಳೆಲ್ಲ ಒಂದೇ ಪ್ರಭೇದವೆಂದು ಬಹುಕಾಲ ಬರೆಯಲಾಗಿತ್ತು, ಇಂದು ಅವನ್ನು ಹಲವು ಪ್ರಭೇದಗಳಾಗಿ ವಿಂಗಡಿಸುತ್ತಾರೆ; ಆಗ್ನೇಯ ಏಷ್ಯಾದ ಕುಲವೊಂದಕ್ಕೆ ಸೇರಿಸಿಟ್ಟಿದ್ದ ನೀಲಗಿರಿಯ ಕರಿ ಮುಸುವ ಬೂದು ಮುಸುವಗಳ ಕುಲಕ್ಕೇ ಸೇರಬೇಕೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ ಮತ್ತು ಸಂಗಡಿಗರು ಡಿಎನ್ಎಯಿಂದ ತೋರಿಸಿಕೊಟ್ಟರು.

ವಿದ್ಯಾರ್ಥಿನಿ: ಪಳೆಯುಳಿಕೆಗಳ ಮಾತೇ ಬರಲಿಲ್ಲ. ಕೋಲಾರದ ಬಂಡೆಗಳಲ್ಲಿ ಏನಾದರೂ ಸಿಕ್ಕಿದೆಯೇ?

ಅಧ್ಯಾಪಕರು: ಸಿಗುವ ಸಾಧ್ಯತೆಯೇ ಇಲ್ಲ. ಆವನಿಯ ಬೆಟ್ಟವಾಗಲಿ ಕೆಜಿಎಫ್‌ನ ಚಿನ್ನದ ಶಿಲೆಯಾಗಲಿ ಸುಮಾರು 250 ಕೋಟಿ ವರ್ಷಗಳಿಗೂ ಹಿಂದಿನವು, ಆಗ ಮೂಳೆಯೆಂಬುದೇ ಜಗತ್ತಿನಲ್ಲಿರಲಿಲ್ಲ. ಪ್ರೈಮೇಟ್ ಪಳೆಯುಳಿಕೆಗೆ ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಗೆ ಹೋಗಬೇಕು, ಅಲ್ಲಿ 5 ಕೋಟಿ ವರ್ಷಗಳಿಗೂ ಹಳೆಯ ಪುಟ್ಟ ದವಡೆಗಳು ದೊರೆತಿವೆ. ಅಥವಾ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಿಗೆ ಹೋಗಬೇಕು. ಶಿವಾಲಿಕ್‌ನಲ್ಲಿ ಸಿಕ್ಕ ದವಡೆಯ ತುಣುಕೊಂದನ್ನು ಎಡ್ವರ್ಡ್ ಲೂಯಿಸ್ 1934ರಲ್ಲಿ ರಾಮಾಪಿಥೆಕಸ್ ಎಂದು ಹೆಸರಿಸಿದರು. 1960ರ ದಶಕದಲ್ಲಿ ಅದು ಮನುಷ್ಯನ ನೇರ ಪೂರ್ವಜನೆಂದೇ ಪಠ್ಯಪುಸ್ತಕಗಳನ್ನು ಸೇರಿತು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯ ಆಫ್ರಿಕಾದ ವಾನರರಿಂದ ಪಾಲಾದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದಷ್ಟೇ ಎಂದಾಗ, ಕೋಟಿ ವರ್ಷಕ್ಕೂ ಹಳೆಯ ರಾಮಾಪಿಥೆಕಸ್ ಆ ಲೆಕ್ಕಕ್ಕೆ ಹೊಂದಲಿಲ್ಲ. 1982ರಲ್ಲಿ ಡೇವಿಡ್ ಪಿಲ್ಬೀಮ್, ರಾಮಾಪಿಥೆಕಸ್‌ನ ನಿಕಟ ಬಂಧುವಾದ ಶಿವಾಪಿಥೆಕಸ್‌ನ ಮುಖದ ಮೂಳೆಯನ್ನು ವಿವರಿಸಿದ ಮೇಲೆ, ರಾಮಾಪಿಥೆಕಸ್ ಕೂಡ ಒರಾಂಗುಟಾನ್ ಕಡೆಯ ವಾನರವೆಂಬುದು ನಿಚ್ಚಳವಾಯಿತು. ಹಿಂದೆ ಮನುಷ್ಯನ ಪರವಾಗಿ ವಾದಿಸಿದ್ದ ಪಿಲ್ಬೀಮ್ ಅವರೇ ಹೊಸ ಸಾಕ್ಷ್ಯ ಬಂದಾಗ ನಿಲುವು ಬದಲಿಸಿದ್ದು ಈ ಶಾಸ್ತ್ರದ ಇತಿಹಾಸದಲ್ಲಿ ಗೌರವದಿಂದ ನೆನೆಯಬೇಕಾದ ಸಂಗತಿ.

ವಿದ್ಯಾರ್ಥಿನಿ: ಬಾವಲಿ ಹೊರಗೆ ಹೋಯಿತು, ಟಾರ್ಸಿಯರ್ ಪಕ್ಷ ಬದಲಿಸಿತು, ರಾಮಾಪಿಥೆಕಸ್ ಇಲ್ಲವಾಯಿತು, ಮುಸುವ ಒಂದಿದ್ದದ್ದು ಹಲವಾಯಿತು. ಹೀಗೆ ಬದಲಾಗುತ್ತಲೇ ಇರುವ ಪಟ್ಟಿಯಿಂದ ತೋಟದ ಫಸಲು ಕಳೆದುಕೊಳ್ಳುವ ಮಾಲೂರಿನ ರೈತನಿಗೆ ಏನು ಪ್ರಯೋಜನ?

ಅಧ್ಯಾಪಕರು: ಬದಲಾವಣೆಗಳೆಲ್ಲ ಕವಲುಗಳ ಜಾಗದ ಬಗ್ಗೆ, ಎಲ್ಲರೂ ಒಂದೇ ಮರದವರೆಂಬ ಅಡಿಪಾಯ ಅಲುಗಿಲ್ಲ, ಪ್ರತಿ ತಿದ್ದುಪಡಿಯೂ ಅದನ್ನು ಗಟ್ಟಿಗೊಳಿಸಿದೆ. ರೈತನ ಮಾತಿಗೆ ಬಂದರೆ, ಪ್ರಭೇದದ ಗುರುತು ನೇರವಾಗಿ ಅವನ ಊರಿನ ಕೆಲಸಕ್ಕೆ ಬರುವ ಸಂಗತಿ. ಟೋಪಿಕೂದಲಿನ ಈ ಕೋತಿ ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲ. ಊರಲ್ಲಿ ಕಾಟ ಕೊಡುವಷ್ಟು ಕಾಣುವುದರಿಂದ ಅದು ಹೇರಳವಾಗಿದೆ ಎಂಬ ಭಾವನೆ ಹುಟ್ಟುತ್ತದೆ. ಆದರೆ ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ಮೈಸೂರು ಸುತ್ತಿನ ರಸ್ತೆಬದಿಯ ಗುಂಪುಗಳನ್ನು ವರ್ಷಗಟ್ಟಲೆ ಎಣಿಸಿ, ಆಲ, ಹುಣಿಸೆಯ ಸಾಲುಮರಗಳು ಹೋದ ಕಡೆ ಕೋತಿಗಳೂ ಹೋಗಿರುವುದನ್ನು ದಾಖಲಿಸಿದ್ದಾರೆ, ಮತ್ತು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಈಗ ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ಸಾಲಿನಲ್ಲಿ ಇರಿಸಿದೆ. ಉತ್ತರದ ರೀಸಸ್ ಕೋತಿ ಬೇರೆಯದೇ ಪ್ರಭೇದ. ಅದು ದಕ್ಷಿಣಕ್ಕೆ ಹಬ್ಬುತ್ತ ಟೋಪಿಕೂದಲಿನ ಕೋತಿಯ ನೆಲೆಗಳನ್ನು ಆಕ್ರಮಿಸುತ್ತಿರುವುದನ್ನು 2011ರ ಅಧ್ಯಯನವೊಂದು ತೋರಿಸಿತು. ಬೋನಿಗೆ ಹಾಕಿದ ಕೋತಿಗಳನ್ನು ಲಾರಿಯಲ್ಲಿ ತಂದು ಇನ್ನೊಂದು ಜಿಲ್ಲೆಯ ಬೆಟ್ಟಕ್ಕೆ ಬಿಡುವವರಿಗೆ ಎರಡರ ಭೇದ ತಿಳಿಯದಿದ್ದರೆ, ಪ್ರಕೃತಿ ಸಾವಿರಾರು ವರ್ಷ ಕಾಯ್ದ ಗಡಿಯನ್ನು ಒಂದು ರಾತ್ರಿಯಲ್ಲಿ ಅಳಿಸಿಹಾಕಿದಂತಾಗುತ್ತದೆ.

ವಿದ್ಯಾರ್ಥಿನಿ: ಎರಡನ್ನೂ ದೂರದಿಂದ ನೋಡಿ ಬೇರ್ಪಡಿಸುವುದು ಹೇಗೆ?

ಅಧ್ಯಾಪಕರು: ಮೊದಲು ಬಾಲ, ಆಮೇಲೆ ನೆತ್ತಿ. ಬಾಲ ಮೈಯಷ್ಟು ಅಥವಾ ಅದಕ್ಕಿಂತ ಉದ್ದವಿದ್ದು ನೆತ್ತಿಯಲ್ಲಿ ಸುಳಿಯಿದ್ದರೆ ಅದು ಇಲ್ಲಿಯದು. ಬಾಲ ಮೈಯ ಅರ್ಧದಷ್ಟಿದ್ದು, ನೆತ್ತಿಯ ಕೂದಲು ಸುಳಿಯಿಲ್ಲದೆ ಹಿಂದಕ್ಕೆ ಮಲಗಿ, ಸೊಂಟದ ಹಿಂಭಾಗದ ರೋಮ ಕೆಂಗಂದಾಗಿದ್ದರೆ ರೀಸಸ್. ಮರಿಗಳ ಕೂದಲು ಇನ್ನೂ ಪೂರ್ತಿ ಬೆಳೆದಿರುವುದಿಲ್ಲವಾದ್ದರಿಂದ ದೊಡ್ಡವನ್ನೇ ನೋಡಬೇಕು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ದೇವಸ್ಥಾನದ ಬೆಟ್ಟಗಳಲ್ಲಿ ಪ್ರತಿ ಗುಂಪನ್ನೂ ಹೀಗೆ ನೋಡಿ, ಊರು, ದಿನಾಂಕ, ದೊಡ್ಡವೆಷ್ಟು ಮರಿಗಳೆಷ್ಟು ಎಂದು ಬರೆದಿಟ್ಟರೆ ಅದು ಒಳ್ಳೆಯ ದಾಖಲೆಯಾಗುತ್ತದೆ. ಕಾಡುಪಾಪವನ್ನು ಹುಡುಕುವುದಾದರೆ ರಾತ್ರಿ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಹೋಗಬೇಕು. ಕಣ್ಣಿನ ಹೊಳಪು ಅಷ್ಟು ಬೆಳಕಿಗೇ ಸಿಗುತ್ತದೆ, ಪ್ರಾಣಿಗೂ ತೊಂದರೆಯಾಗುವುದಿಲ್ಲ.